ಪಾಲ್ ಮೆಕಾರ್ಟ್ನಿ ಶೋಗೆ ಹೋಗುವ ಮುಂಚೆ ನಿಮ್ಮ ಮೊಣಕಾಲನ್ನು ಒಂದು ಮಾತು ಕೇಳಿ

ಬೀಟಲ್ಸ್ ಬ್ಯಾಂಡಿನ ಗಾಯಕರಲ್ಲೊಬ್ಬರಾದ ಮೆಕಾರ್ಟ್ನಿ ಇನ್ನೊಮ್ಮೆ ಸಂಗೀತ ಪ್ರವಾಸ ಹೊರಟರೆ ಹೋಗಲೇಬೇಕು ಅಂತ ಕಾಯುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಮತ್ತು ನನ್ನ ಸೋದರಮಾವ 2024ರ ಡಿಸೆಂಬರ್ 18ರಂದು ಲಂಡನ್ನಿನ ಓ2 ಅರೀನಾದಲ್ಲಿ ಅವರನ್ನು ನೋಡಿದೆವು. ಆಗ ಅವರಿಗೆ 82 ವರ್ಷ. ಮಾವನಿಗೆ ಎಪ್ಪತ್ತರ ಮೇಲೆ. ಕೊನೆಗೆ ಸುಸ್ತಾದವರು ಮಾವ ಮತ್ತು ನಾನು, ವೇದಿಕೆ ಮೇಲಿದ್ದವರಲ್ಲ.

ಶೋ ಎರಡೂವರೆ ಗಂಟೆಗೂ ಜಾಸ್ತಿ ನಡೆಯುತ್ತದೆ. ಇಂಟರ್ವಲ್ ಇಲ್ಲ. ಮೊದಲಿಗೆ ಹಾಡಲು ಬೇರೆ ಬ್ಯಾಂಡೂ ಇಲ್ಲ, ಒಬ್ಬ ಡಿಜೆ ಹಳೆಯ ಹಾಡುಗಳನ್ನು ಬೆರೆಸಿ ಹಾಕುತ್ತಾ ಇರುತ್ತಾನೆ. ಹಾಗಾಗಿ ಊಟ, ಮಾತ್ರೆ, ಬಾತ್‌ರೂಮು ಎಲ್ಲ ಮುಂಚೆಯೇ ಮುಗಿಸಿಕೊಂಡು ಕೂರಿ. ಊಟಕ್ಕೆ ತೊಂದರೆ ಇಲ್ಲ, ಓ2 ಅರೀನಾ ಇರುವ ದೊಡ್ಡ ಬಿಳಿ ಗುಡಾರದೊಳಗೇ ಸಾಲಾಗಿ ಹೋಟೆಲುಗಳಿವೆ.

ಸೀಟಿನ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ಓ2ನಲ್ಲಿ 400ರಿಂದ ಶುರುವಾಗುವ ಬ್ಲಾಕ್‌ಗಳು ತುತ್ತತುದಿಯಲ್ಲಿವೆ. ಅಲ್ಲಿ ಮೆಟ್ಟಿಲು ಕಡಿದಾಗಿದೆ, ಕೆಳಗೆ ನೋಡಿದರೆ ತಲೆ ಸುತ್ತುವವರೂ ಇದ್ದಾರೆ. ನೆಲದ ಮೇಲಿನ ಸೀಟು ಹತ್ತಿರ ಅನ್ನಿಸಿದರೂ ಮುಂದಿನವರು ಎದ್ದು ನಿಂತರೆ ನೀವೂ ನಿಲ್ಲಲೇಬೇಕು. ಹಿರಿಯರಿದ್ದರೆ ಕೆಳಗಿನ ಹಂತದ ಪಕ್ಕದ ಬ್ಲಾಕ್‌ಗಳೇ ಸರಿ. ಮಂಡಿ ನೋವಿದ್ದರೆ ಟಿಕೆಟ್ ತೆಗೆಯುವಾಗಲೇ ಹೇಳಿ, ಅದಕ್ಕೆ ಬೇರೆ ವ್ಯವಸ್ಥೆ ಇದೆ. ಟಿಕೆಟ್ ಮೊಬೈಲಿನಲ್ಲೇ ಇರುತ್ತದೆ, ಆದ್ದರಿಂದ ಚಾರ್ಜ್ ಉಳಿಸಿಕೊಳ್ಳಿ. ಏ4 ಹಾಳೆಗಿಂತ ದೊಡ್ಡ ಚೀಲ ಒಳಗೆ ಬಿಡುವುದಿಲ್ಲ.

ಇನ್ನು ಹಾಡು. ಧ್ವನಿ ಹಳೆಯದಾಗಿದೆ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಮೇಲಿನ ಸ್ವರಗಳಲ್ಲಿ ಸಣ್ಣಗಾಗುತ್ತದೆ, ಕೆಲವು ಕಡೆ ಒಡೆಯುತ್ತದೆ. 1965ರ ರೆಕಾರ್ಡಿನ ಗಂಟಲು ಬೇಕು ಅನ್ನುವವರು ಮನೆಯಲ್ಲೇ ಹಾಕಿಕೊಂಡು ಕೇಳಬಹುದು, ಅಷ್ಟು ದುಡ್ಡು ಖರ್ಚು ಮಾಡಬೇಕಾಗಿಲ್ಲ. ಆದರೆ ಒಂದು ಗಿಟಾರ್ ಹಿಡಿದು ಒಬ್ಬರೇ ನಿಂತು, ಕಾಲ ಕೆಳಗಿನ ಕಟ್ಟೆ ಮೇಲೇರುತ್ತಿರುವಾಗ ಹಾಡುತ್ತಾರಲ್ಲ, ಆಗ ಆ ಒಡಕು ಧ್ವನಿಯೇ ಚೆಂದ. ಬೀಟಲ್ಸ್‌ನಲ್ಲಿ ಜೊತೆಗಿದ್ದ, ಈಗಿಲ್ಲದ ಗೆಳೆಯ ಜಾನ್ ಲೆನನ್‌ಗಾಗಿ ಬರೆದ ಹಾಡು ಅಲ್ಲೇ ಬರುತ್ತದೆ. ಮಾವ ಅಲ್ಲಿಯವರೆಗೆ ಪಕ್ಕದವರ ಮೊಬೈಲು ಅಡ್ಡ ಬರುತ್ತಿದೆ ಅಂತ ಗೊಣಗುತ್ತಿದ್ದರು, ಆಮೇಲೆ ಸುಮ್ಮನಾದರು.

ಕೊನೆಯ ಭಾಗಕ್ಕೆ ಮುಂಚೆ ಎದ್ದು ಹೊರಡಬೇಡಿ. 1969ರ ಜನವರಿ 30ರಂದು ಬೀಟಲ್ಸ್ ಲಂಡನ್ನಿನ ಒಂದು ಕಟ್ಟಡದ ತಾರಸಿ ಮೇಲೆ ಹಾಡಿದ್ದರು. ಸಿನಿಮಾ ನಿರ್ದೇಶಕ ಪೀಟರ್ ಜಾಕ್ಸನ್ ಅವರ ತಂಡ ಅವತ್ತಿನ ಚಿತ್ರೀಕರಣದಿಂದ ಲೆನನ್ ಧ್ವನಿಯನ್ನು ಮಾತ್ರ ಬೇರ್ಪಡಿಸಿ ಕೊಟ್ಟಿದೆ. ಪರದೆ ಮೇಲೆ ಲೆನನ್ ಹಾಡುತ್ತಾರೆ, ಕೆಳಗೆ ಮೆಕಾರ್ಟ್ನಿ ಜೊತೆಗೂಡುತ್ತಾರೆ. ತೀರಿಕೊಂಡವರನ್ನು ತಂತ್ರಜ್ಞಾನದಿಂದ ವೇದಿಕೆಗೆ ತರುವುದು ನನಗೆ ಸಾಮಾನ್ಯವಾಗಿ ಹಿಡಿಸುವುದಿಲ್ಲ. ಇದು ಹಿಡಿಸಿತು. ಪಟಾಕಿ, ಬೆಂಕಿಯ ಆರ್ಭಟವೂ ಒಂದು ಹಾಡಿನಲ್ಲಿದೆ, ಆಗ ಶಬ್ದ ಎದೆಗೇ ಬಡಿಯುತ್ತದೆ. ಹಿರಿಯರಿಗೆ ಇಯರ್‌ಪ್ಲಗ್ ಇಟ್ಟುಕೊಳ್ಳಿ.

ಯಾವ ದಿನಕ್ಕೆ ಹೋಗಬೇಕು ಅಂತ ತಲೆ ಕೆಡಿಸಿಕೊಳ್ಳಬೇಡಿ. ನಾವು ನೋಡಿದ ಮರುದಿನ ಅದೇ ವೇದಿಕೆಗೆ ಬೀಟಲ್ಸ್‌ನ ಡ್ರಮ್ಮರ್ ರಿಂಗೋ ಸ್ಟಾರ್ ಬಂದು ಡ್ರಮ್ಸ್ ಬಾರಿಸಿದರು, ರೋಲಿಂಗ್ ಸ್ಟೋನ್ಸ್ ಬ್ಯಾಂಡಿನ ಗಿಟಾರ್ ವಾದಕ ರಾನಿ ವುಡ್ ಬಂದರು. 1972ರಲ್ಲಿ ಕಳುವಾಗಿದ್ದ ತಮ್ಮ ಹಾಫ್ನರ್ ಕಂಪನಿಯ ಬೇಸ್ ಗಿಟಾರನ್ನು ಅರ್ಧ ಶತಮಾನದ ನಂತರ ಮೆಕಾರ್ಟ್ನಿ ಮತ್ತೆ ವೇದಿಕೆಯಲ್ಲಿ ನುಡಿಸಿದ್ದೂ ಅವತ್ತೇ! ಹೊಟ್ಟೆ ಉರಿಯಲಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಅದನ್ನು ಮುಂಚೆ ಯಾರು ತಾನೆ ಹೇಳಿದ್ದರು?

ಭಾರತದಿಂದ ಹೋಗುವವರು ಬ್ಯಾಂಕಿನ ಆ್ಯಪಿನಲ್ಲಿ ಅಂತಾರಾಷ್ಟ್ರೀಯ ಮತ್ತು ಕಾಂಟ್ಯಾಕ್ಟ್‌ಲೆಸ್ ಪಾವತಿಯನ್ನು ಆನ್ ಮಾಡಿಕೊಳ್ಳಿ. ಲಂಡನ್ ಬಸ್ಸಿನಲ್ಲಿ ನಗದು ತೆಗೆದುಕೊಳ್ಳುವುದಿಲ್ಲ. ಮೆಟ್ರೋಗೂ ಒಬ್ಬೊಬ್ಬರಿಗೆ ಒಂದೊಂದು ಕಾರ್ಡ್ ಬೇಕು, ಒಂದೇ ಕಾರ್ಡಿನಲ್ಲಿ ಇಬ್ಬರು ಹೋಗಲಾಗದು.

ಓ2ಗೆ ಹತ್ತಿರದ ನಿಲ್ದಾಣ ನಾರ್ತ್ ಗ್ರಿನಿಚ್, ಜೂಬಿಲಿ ಲೈನ್. ಹೋಗುವಾಗ ಸುಲಭ. ಬರುವಾಗ ಸಾವಿರಾರು ಜನ ಒಟ್ಟಿಗೆ ಅದೇ ಬಾಗಿಲಿಗೆ ನುಗ್ಗುತ್ತಾರೆ. ರಾತ್ರಿಯಿಡೀ ಓಡುವ ಮೆಟ್ರೋ ಶುಕ್ರವಾರ, ಶನಿವಾರ ರಾತ್ರಿ ಮಾತ್ರ. ನಮ್ಮದು ಬುಧವಾರ. ನಾವು ಗುಡಾರದೊಳಗೇ ಒಂದು ಕಾಫಿ ಕುಡಿದು, ನೂಕುನುಗ್ಗಲು ಕಡಿಮೆಯಾದ ಮೇಲೆ ಹೊರಟೆವು. ಆ ಸಮಯಕ್ಕೆ ಹೊರಗೆ ಚಳಿ ಜಾಸ್ತಿ, ನದಿಯ ಗಾಳಿ ಬೇರೆ. ಕುಲಾವಿ ಮರೆಯಬೇಡಿ. ಮರುದಿನ ಬೆಳಿಗ್ಗೆಯ ವಿಮಾನವನ್ನಂತೂ ಬುಕ್ ಮಾಡಲೇಬೇಡಿ.