ಉತ್ತರ ಹೇಳಿದರೆ ಸಾಕಲ್ವಾ, ವಿವರಣೆ ಯಾಕೆ?

ಟೆಲಿಗ್ರಾಂನಲ್ಲಿ ದಿನಾ ಸಂಜೆ ಕನ್ನಡದಲ್ಲಿ ಒಂದಿಷ್ಟು ರಸಪ್ರಶ್ನೆ ಹಾಕುತ್ತೇನೆ. ಕರ್ನಾಟಕದ ಇತಿಹಾಸ, ಸಾಹಿತ್ಯ, ಭೂಗೋಳ, ಆಗಾಗ ಕ್ರಿಕೆಟ್. ಆಡುವವರಲ್ಲಿ ತುಂಬಾ ಜನ ಕೆಪಿಎಸ್‌ಸಿ, ಎಫ್‌ಡಿಎ, ಪಿಡಿಒ ಅಂತ ಸರ್ಕಾರಿ ನೌಕರಿಯ ಪರೀಕ್ಷೆಗೆ ಓದುತ್ತಿರುವವರು. ಉಳಿದವರು ಸುಮ್ನೆ ಖುಷಿಗೆ ಬರುವವರು. ಇಬ್ಬರೂ ಕೇಳುವ ಪ್ರಶ್ನೆ ಮಾತ್ರ ಒಂದೇ: "ಒತ್ತಿದ ತಕ್ಷಣ ಸರಿ ಉತ್ತರ ಕಾಣುತ್ತಲ್ವಾ? ಮತ್ತೆ ಅದರ ಜೊತೆ ವಿವರಣೆ ಯಾಕೆ ಬರೀತೀರಾ? ಯಾರು ಓದ್ತಾರೆ ಅದನ್ನ?"

ತಪ್ಪು ಒತ್ತಿದವರು ಓದುತ್ತಾರೆ. ನಾನು ಬರೆಯುವುದೂ ಅವರಿಗೇ. ಟೆಲಿಗ್ರಾಂನವರಿಗೂ ಇದು ಗೊತ್ತಿದ್ದಂತಿದೆ. ತಪ್ಪು ಆಯ್ಕೆ ಒತ್ತಿದರೆ ವಿವರಣೆ ತಾನಾಗಿಯೇ ಮೇಲೆ ಬರುತ್ತದೆ. ಸರಿ ಒತ್ತಿದವರಿಗೆ ಬೇಕೆನಿಸಿದರೆ ಪಕ್ಕದಲ್ಲಿರುವ ಬಲ್ಬಿನ ಚಿತ್ರ ಮುಟ್ಟಬೇಕು.

ಒಂದು ಪ್ರಶ್ನೆ ತೆಗೆದುಕೊಳ್ಳೋಣ. "ಶಿವನಸಮುದ್ರದ ವಿದ್ಯುತ್ ಯೋಜನೆ ಶುರುವಾದದ್ದು ಯಾವ ದಿವಾನರ ಕಾಲದಲ್ಲಿ?" ಆಯ್ಕೆಗಳು: ರಂಗಾಚಾರ್ಲು, ಶೇಷಾದ್ರಿ ಅಯ್ಯರ್, ವಿಶ್ವೇಶ್ವರಯ್ಯ, ಮಿರ್ಜಾ ಇಸ್ಮಾಯಿಲ್. ಜನ ಕಣ್ಣು ಮುಚ್ಚಿಕೊಂಡು ವಿಶ್ವೇಶ್ವರಯ್ಯ ಅಂತ ಒತ್ತುತ್ತಾರೆ. ಒತ್ತುವುದು ಸಹಜವೇ. ಕನ್ನಂಬಾಡಿ ಕಟ್ಟೆ ಅವರದು, ಮೈಸೂರು ಬ್ಯಾಂಕು ಅವರ ಕಾಲದ್ದು, ಮೈಸೂರು ವಿಶ್ವವಿದ್ಯಾಲಯ ಅವರ ಕಾಲದ್ದು, ಭದ್ರಾವತಿ ಕಬ್ಬಿಣದ ಕಾರ್ಖಾನೆಯೂ ಅವರ ಕಾಲದ್ದೇ. ಹಳೇ ಮೈಸೂರಿನಲ್ಲಿ ಏನೇ ಒಳ್ಳೆಯ ಕಟ್ಟಡ, ಕಾಲುವೆ ಕಂಡರೂ ಸರ್ ಎಂವಿ ಹೆಸರಿಗೆ ಬರೆದುಬಿಡುವುದು ನಮಗೆಲ್ಲ ಅಭ್ಯಾಸ.

ಇಲ್ಲಿ "ಸರಿಯಾದ ಉತ್ತರ: ಶೇಷಾದ್ರಿ ಅಯ್ಯರ್" ಅಂತ ತೋರಿಸಿ ಬಿಟ್ಟರೆ ಏನಾಗುತ್ತದೆ? ತಪ್ಪು ಒತ್ತಿದವನು "ಓ ಹೌದಾ" ಅಂದುಕೊಂಡು ಮುಂದಿನ ಪ್ರಶ್ನೆಗೆ ಹೋಗುತ್ತಾನೆ. ಅವನ ತಲೆಯಲ್ಲಿ ಶಿವನಸಮುದ್ರ ಇನ್ನೂ ವಿಶ್ವೇಶ್ವರಯ್ಯನವರ ಪಕ್ಕದಲ್ಲೇ ಇರುತ್ತದೆ. ಅದನ್ನು ಅಲ್ಲಿಂದ ಎಬ್ಬಿಸಬೇಕು. ಹಾಗಾಗಿ ನಾನು ಬರೆದದ್ದು ಹೀಗೆ: "ವಿಶ್ವೇಶ್ವರಯ್ಯ ದಿವಾನರಾದದ್ದು 1912ರಲ್ಲಿ. ಶಿವನಸಮುದ್ರದ ವಿದ್ಯುತ್ 1902ರಲ್ಲೇ ಕೋಲಾರದ ಗಣಿಗೆ ಹೋಗಿತ್ತು. ಯೋಜನೆ ಶೇಷಾದ್ರಿ ಅಯ್ಯರ್ ಕಾಲದ್ದು. ಅವರು 1901ರಲ್ಲಿ ತೀರಿಕೊಂಡರು."

ಮೊದಲ ವಾಕ್ಯದಲ್ಲೇ ತಪ್ಪು ಉತ್ತರದ ಹೆಸರಿದೆ ನೋಡಿ. ಓದುವವನು ಆ ಹೊತ್ತಿನಲ್ಲಿ ಯೋಚಿಸುತ್ತಿರುವುದು ಅದನ್ನೇ. "ನಾನು ಹೇಳಿದ್ದು ಯಾಕೆ ಆಗಲ್ಲ?" ಅನ್ನುವುದು ಅವನ ತಕರಾರು. ಅದಕ್ಕೆ ಉತ್ತರ ಸಿಕ್ಕಿದ ಮೇಲೆ ತಾನೇ ಉಳಿದದ್ದು ಕಿವಿಗೆ ಬೀಳುವುದು?

ಇದು ನನ್ನ ಅನಿಸಿಕೆ ಮಾತ್ರ ಅಲ್ಲ. 2001ರಲ್ಲಿ ಬಟರ್‌ಫೀಲ್ಡ್ ಮತ್ತು ಮೆಟ್‌ಕಾಫ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಪ್ರಕಟಿಸಿದರು. ಜನರಿಗೆ ಸಾಮಾನ್ಯ ಜ್ಞಾನದ ಪ್ರಶ್ನೆ ಕೇಳಿ, ಉತ್ತರದ ಬಗ್ಗೆ ಎಷ್ಟು ಖಾತ್ರಿ ಅಂತಲೂ ಕೇಳಿದರು. ಆಮೇಲೆ ಸರಿ ಉತ್ತರ ತಿಳಿಸಿ ಮತ್ತೆ ಪರೀಕ್ಷೆ ಮಾಡಿದರು. ಅಳುಕುತ್ತಾ ಹೇಳಿದ ತಪ್ಪಿಗಿಂತ ಎದೆ ತಟ್ಟಿ ಹೇಳಿದ ತಪ್ಪೇ ಚೆನ್ನಾಗಿ ತಿದ್ದಿಕೊಂಡಿತ್ತು! ಅಷ್ಟು ಗ್ಯಾರಂಟಿ ಇದ್ದದ್ದು ತಪ್ಪಾಯಿತಲ್ಲ ಅನ್ನುವ ಅಚ್ಚರಿಗೆ ಕಿವಿ ನೆಟ್ಟಗಾಗುತ್ತದೆ ಅನ್ನುವುದು ಅದಕ್ಕೆ ಕೊಡುವ ಒಂದು ಕಾರಣ. 2013ರಲ್ಲಿ ಬಟ್ಲರ್, ಗೋಡ್‌ಬೋಲೆ, ಮಾರ್ಶ್ ಎಂಬ ಮೂವರು ಇನ್ನೊಂದು ವಿಷಯ ತೋರಿಸಿದರು. ಅದೇ ಪ್ರಶ್ನೆಯನ್ನು ಮತ್ತೆ ಕೇಳಿದಾಗ ಬರೀ ಸರಿ ಉತ್ತರ ನೋಡಿದವರೂ ವಿವರಣೆ ಓದಿದವರೂ ಹೆಚ್ಚುಕಮ್ಮಿ ಒಂದೇ. ಆದರೆ ಅದೇ ವಿಷಯದ ಮೇಲೆ ಹೊಸ ಪ್ರಶ್ನೆ ಬಂದಾಗ ವಿವರಣೆ ಓದಿದವರು ಮುಂದೆ. ಪರೀಕ್ಷೆಗೆ ಓದುವವರು ಇದನ್ನು ಗಮನಿಸಬೇಕು. ನಾಳೆ ಪ್ರಶ್ನೆಪತ್ರಿಕೆಯಲ್ಲಿ ನನ್ನ ಪ್ರಶ್ನೆ ಹಾಗೇ ಬರುವುದಿಲ್ಲ, ತಿರುಗಿಸಿ ಮುರುಗಿಸಿ ಬರುತ್ತದೆ.

ವಿವರಣೆ ಅಂತ ಬರೆಯುವವರು ಬೇಕಾದಷ್ಟಿದ್ದಾರೆ, ನಿಜ. ಆದರೆ ಎಷ್ಟೋ ಕಡೆ ಅದು ಹೇಳಿದ್ದೇ ಹೇಳೋ ಕಿಸಬಾಯಿ ದಾಸನ ಕಥೆ. ಪ್ರಶ್ನೆ: "ಕರ್ನಾಟಕ ರಾಜ್ಯ ಏಕೀಕರಣವಾದ ವರ್ಷ?" ಉತ್ತರ: 1956. ವಿವರಣೆ: "ಕರ್ನಾಟಕ ರಾಜ್ಯ ಏಕೀಕರಣವು 1956ರಲ್ಲಿ ಆಯಿತು." ಇದರಿಂದ ಯಾರಿಗೆ ಏನು ಸಿಕ್ಕಿತು? ಈ ಪ್ರಶ್ನೆಗೆ ತಪ್ಪು ಮಾಡುವವರು ಸಾಮಾನ್ಯವಾಗಿ ಒತ್ತುವುದು 1973. ಆದ್ದರಿಂದ ಅಲ್ಲಿಂದಲೇ ಶುರು ಮಾಡಬೇಕು: "1973 ಹೆಸರು ಬದಲಾದ ವರ್ಷ. 1956ರ ನವೆಂಬರ್ 1ಕ್ಕೆ ರಾಜ್ಯ ಒಂದಾಯಿತು, ಆದರೆ ಹೆಸರು ಮೈಸೂರೇ ಇತ್ತು. ಒಂದಾದಾಗ ಮುಖ್ಯಮಂತ್ರಿ ನಿಜಲಿಂಗಪ್ಪ, ಹೆಸರು ಬದಲಾದಾಗ ಅರಸು." ಇಷ್ಟು ಓದಿದವರಿಗೆ ಎರಡು ವರ್ಷ, ಎರಡು ಹೆಸರು ಜೋಡಿಯಾಗಿ ಸಿಕ್ಕವು. ಮುಂದೆ ಯಾವ ಕಡೆಯಿಂದ ಕೇಳಿದರೂ ತಡವರಿಸುವುದಿಲ್ಲ.

ಇಷ್ಟು ಚಿಕ್ಕದಾಗಿ ಯಾಕೆ ಅಂತಲೂ ಕೆಲವರು ಕೇಳುತ್ತಾರೆ. ಟೆಲಿಗ್ರಾಂ ವಿವರಣೆಗೆ ಕೊಡುವುದು 200 ಅಕ್ಷರ. ಕೇಳಲು ಪರವಾಗಿಲ್ಲ ಅನಿಸುತ್ತದೆ. ಆದರೆ ಕಂಪ್ಯೂಟರ್ ಕನ್ನಡವನ್ನು ನಮ್ಮ ಹಾಗೆ ಎಣಿಸುವುದಿಲ್ಲ. "ಸ್ತ್ರೀ" ನಮಗೆ ಒಂದೇ ಅಕ್ಷರ. ಅದಕ್ಕೆ ಆರು: ಸ, ಒಂದು ವಿರಾಮ (ಅಕ್ಷರವನ್ನು ಅರ್ಧ ಮಾಡುವ ಗುರುತು), ತ, ಇನ್ನೊಂದು ವಿರಾಮ, ರ, ಕೊನೆಗೆ ದೀರ್ಘದ ಗುರುತು. "ಮುಖ್ಯಮಂತ್ರಿ" ಕಣ್ಣಿಗೆ ನಾಲ್ಕು ಅಕ್ಷರ, ಲೆಕ್ಕಕ್ಕೆ ಹನ್ನೊಂದು! ಒತ್ತಕ್ಷರ ಬಂದಲ್ಲೆಲ್ಲ ಜಾಗ ಕರಗುತ್ತದೆ. ಇಂಗ್ಲಿಷಿನಲ್ಲಿ ಬರೆಯುವವರಿಗೆ ಈ ಸಂಕಟ ಇಲ್ಲ.

ಹಾಗಾಗಿ ಕೈ ಬಿಗಿ ಹಿಡಿಯಲೇಬೇಕು. "ಸ್ಥಾಪಿಸಲ್ಪಟ್ಟಿತು" ಅಂತ ಬರೆಯುವ ಜಾಗದಲ್ಲಿ "ಶುರುವಾಯಿತು" ಸಾಕು. "ಎಂಬುದಾಗಿ ಇತಿಹಾಸಕಾರರು ಅಭಿಪ್ರಾಯಪಟ್ಟಿದ್ದಾರೆ" ಅನ್ನುವ ಬಾಲ ಮೊದಲು ಹೋಗುತ್ತದೆ. ಕೆಲವೊಮ್ಮೆ ಒಳ್ಳೆಯ ಸಂಗತಿಯೂ ಹೋಗುತ್ತದೆ, ಹೊಟ್ಟೆ ಉರಿಯುತ್ತದೆ. ಶಿವನಸಮುದ್ರದ ವಿವರಣೆಯಲ್ಲಿ ಎಂಜಿನಿಯರ್ ಜೋಲಿ ಡಿ ಲಾಟ್ಬಿನಿಯರ್ ಹೆಸರು ತರಬೇಕೆಂದಿದ್ದೆ. 1902ರಲ್ಲಿ ವಿಶ್ವೇಶ್ವರಯ್ಯನವರು ಇನ್ನೂ ಮುಂಬಯಿ ಪ್ರಾಂತ್ಯದ ನೌಕರಿಯಲ್ಲಿದ್ದರು ಅನ್ನುವುದನ್ನೂ ಸೇರಿಸಬೇಕೆಂದಿದ್ದೆ. ಕೋಲಾರದ ಗಣಿಗೆ ಕರೆಂಟ್ ಹೋಗಿ ಮೂರು ವರ್ಷದ ಮೇಲೆ, 1905ರಲ್ಲಿ, ಬೆಂಗಳೂರಿನ ಬೀದಿಗೆ ದೀಪ ಬಂತು ಅನ್ನುವುದು ಇನ್ನೂ ಚೆಂದ. ಎಲ್ಲವೂ ಹಿಡಿಸಲಿಲ್ಲ. ಬೀದಿ ದೀಪಕ್ಕೆ ಬೇರೆ ಪ್ರಶ್ನೆಯನ್ನೇ ಮಾಡಿಕೊಂಡೆ.

ಈಗ ನಾನು ವಿವರಣೆ ಬರೆದು ನೋಡಿದ ಮೇಲೆಯೇ ಆಯ್ಕೆಗಳನ್ನು ಗಟ್ಟಿ ಮಾಡುವುದು. "ಕನ್ನಡಕ್ಕೆ ಮೊದಲ ಜ್ಞಾನಪೀಠ ತಂದವರು ಯಾರು?" ಅನ್ನುವುದು ತೀರಾ ಸವೆದ ಪ್ರಶ್ನೆ. ಆಯ್ಕೆಗೆ ಯಾವ್ಯಾವುದೋ ಹೆಸರು ತುಂಬಿದರೆ ವಿವರಣೆಯಲ್ಲಿ ಹೇಳಲು ಏನೂ ಇರುವುದಿಲ್ಲ. ಕುವೆಂಪು ಜೊತೆಗೆ ಬೇಂದ್ರೆ, ಕಾರಂತ, ಮಾಸ್ತಿ ಇಟ್ಟು ನೋಡಿ. ನಾಲ್ವರಿಗೂ ಬಂದಿದೆ: ಕುವೆಂಪು 1967, ಬೇಂದ್ರೆ 1973, ಕಾರಂತ 1977, ಮಾಸ್ತಿ 1983. "ಮಾಸ್ತಿ ಕನ್ನಡದ ಆಸ್ತಿ" ಅಂತ ಕೇಳಿ ಬೆಳೆದವರು ಹಿರಿಯರಿಗೇ ಮೊದಲು ಬಂದಿರಬೇಕು ಅಂದುಕೊಳ್ಳುತ್ತಾರೆ. ಆದದ್ದು ಉಲ್ಟಾ. ಮಾಸ್ತಿ ಹುಟ್ಟಿದ್ದು 1891ರಲ್ಲಿ, ಕುವೆಂಪು 1904ರಲ್ಲಿ. ನಾಲ್ವರಲ್ಲಿ ಎಲ್ಲರಿಗಿಂತ ಕಿರಿಯರಿಗೆ ಮೊದಲು, ಎಲ್ಲರಿಗಿಂತ ಹಿರಿಯರಿಗೆ ಕೊನೆಗೆ. ಇದು ಒಂದು ಸಲ ತಲೆಗೆ ಹೋದರೆ ಮರೆಯುವುದು ಕಷ್ಟ.

ವಿವರಣೆ ಬರೆಯಲು ಕೂತಾಗ ಪ್ರಶ್ನೆಯೇ ಬಿದ್ದುಹೋಗುವುದೂ ಉಂಟು. ಶಿವನಸಮುದ್ರದ್ದು "ಏಷ್ಯಾದ ಮೊದಲ ಜಲವಿದ್ಯುತ್ ಕೇಂದ್ರ" ಅಂತ ಎಷ್ಟೋ ಗೈಡುಗಳಲ್ಲಿದೆ. ಆದರೆ ಡಾರ್ಜಿಲಿಂಗ್ ಹತ್ತಿರದ ಸಿದ್ರಾಪೊಂಗ್‌ನಲ್ಲಿ 1897ರಲ್ಲೇ ಜಲವಿದ್ಯುತ್ ಇತ್ತು. ಜಪಾನಿನ ಕ್ಯೋಟೋದಲ್ಲಿ 1891ರಲ್ಲೇ ಇತ್ತು. "ಮೊದಲ" ಅನ್ನುವುದಕ್ಕೆ ಕಾರಣ ಬರೆಯಲು ಹೊರಟರೆ ಪೆನ್ನು ಓಡುವುದಿಲ್ಲ. ಪ್ರಶ್ನೆ ಕಸದ ಬುಟ್ಟಿಗೆ.

"ಭಾರತದ ಅತಿ ಎತ್ತರದ ಜಲಪಾತ" ಇನ್ನೊಂದು. ಜೋಗ ಅಂತ ಕಲಿತವರು ನಾವು. ಜೋಗ 253 ಮೀಟರ್. ಮೇಘಾಲಯದ ನೋಹ್‌ಕಾಲಿಕಾಯ್ 340 ಮೀಟರ್, ಒಂದೇ ನೆಗೆತ. ನಮ್ಮ ಶಿವಮೊಗ್ಗ ಜಿಲ್ಲೆಯಲ್ಲೇ ವಾರಾಹಿ ನದಿಯ ಕುಂಚಿಕಲ್ ಇದೆ, ಹಂತ ಹಂತವಾಗಿ ಇಳಿಯುತ್ತದೆ, ಪಟ್ಟಿಗಳಲ್ಲಿ ಅದರ ಎತ್ತರ 455 ಮೀಟರ್. ಏನನ್ನು ಅಳೆಯುತ್ತೀರಿ ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. ಆಗ ಓದುವ ಹುಡುಗರು ಕೇಳುತ್ತಾರೆ, "ಅದೆಲ್ಲ ಸರಿ, ಎಕ್ಸಾಮಲ್ಲಿ ಯಾವುದು ಬರೀಲಿ?" ಅವರ ಕಷ್ಟ ನಿಜವಾದದ್ದು. ಕೀ ಉತ್ತರದ ಮೇಲೆ ಆಕ್ಷೇಪಣೆ ಸಲ್ಲಿಸಿ ಅರ್ಧ ಅಂಕಕ್ಕೆ ಬಡಿದಾಡುವ ಜನ ಅವರು. ಅದಕ್ಕೇ ಪಠ್ಯಪುಸ್ತಕ ಏನು ಹೇಳುತ್ತದೆ, ಅಳತೆ ಏನು ಹೇಳುತ್ತದೆ, ಎರಡನ್ನೂ ಬರೆಯುತ್ತೇನೆ. ಪ್ರಶ್ನೆಯಲ್ಲೇ "ಒಂದೇ ನೆಗೆತದ" ಅಂತ ಸೇರಿಸುತ್ತೇನೆ.

ವಿವರಣೆಗೆ ವಯಸ್ಸೂ ಆಗುತ್ತದೆ. ಕನ್ನಡದ ಅತಿ ಹಳೆಯ ಶಾಸನ ಹಲ್ಮಿಡಿಯದು, ಸುಮಾರು ಕ್ರಿ.ಶ. 450, ಎಂ.ಎಚ್. ಕೃಷ್ಣ ಅವರು 1936ರಲ್ಲಿ ಬೆಳಕಿಗೆ ತಂದದ್ದು. ಬಹುಕಾಲ ಇಷ್ಟು ಬರೆದರೆ ಮುಗಿಯುತ್ತಿತ್ತು. ಆಮೇಲೆ ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಪ್ರಣವೇಶ್ವರ ದೇವಸ್ಥಾನದ ಹತ್ತಿರ ಅಗೆದಾಗ ಸಿಂಹಕಟಾಂಜನ ಶಾಸನ ಸಿಕ್ಕಿತು. ಪುರಾತತ್ವ ಇಲಾಖೆ ಅದನ್ನು ಕ್ರಿ.ಶ. 370ರದ್ದು ಅಂದಿದೆ. ಹಲ್ಮಿಡಿ ಕಲ್ಲಿನಲ್ಲಿ ಇಸವಿ ಕೆತ್ತಿಲ್ಲ, 450 ಅನ್ನುವುದು ಲಿಪಿ, ಭಾಷೆ ನೋಡಿ ವಿದ್ವಾಂಸರು ಮಾಡಿದ ಅಂದಾಜು. ಈಗ ನನ್ನ ವಿವರಣೆಯಲ್ಲಿ ಎರಡೂ ಊರಿನ ಹೆಸರಿದೆ. ಯಾರು ಯಾವ ಆಧಾರದ ಮೇಲೆ ಕಾಲ ಹೇಳಿದರು ಅನ್ನುವುದೂ ಇದೆ. ಇದಕ್ಕೇ 190 ದಾಟಿತು.

"ಗೂಗಲ್ ಮಾಡಿದ್ರೆ ಎಲ್ಲ ಸಿಗುತ್ತಲ್ವಾ?" ಸಿಗುತ್ತೆ, ಅನುಮಾನ ಬಂದವರಿಗೆ. ಹಾಕಿ ನಮ್ಮ ರಾಷ್ಟ್ರೀಯ ಕ್ರೀಡೆ ಅಂತ ಚಿಕ್ಕಂದಿನಿಂದ ನಂಬಿದವರು ಗೂಗಲ್ ಯಾಕೆ ಮಾಡುತ್ತಾರೆ? ಯಾವ ಆಟವನ್ನೂ ಹಾಗೆ ಘೋಷಿಸಿಲ್ಲ ಅಂತ ಕೇಂದ್ರ ಕ್ರೀಡಾ ಸಚಿವಾಲಯ 2012ರಲ್ಲಿ ಮಾಹಿತಿ ಹಕ್ಕಿನ ಅರ್ಜಿಯೊಂದಕ್ಕೆ ಉತ್ತರ ಕೊಟ್ಟಿದೆ. ರಾಷ್ಟ್ರಭಾಷೆಯದೂ ಅದೇ ಪಾಡು. ಸಂವಿಧಾನದ 343ನೇ ವಿಧಿಯಲ್ಲಿರುವುದು ಕೇಂದ್ರದ ಆಡಳಿತ ಭಾಷೆಯ ಮಾತು, ರಾಷ್ಟ್ರಭಾಷೆ ಅಂತ ಎಲ್ಲೂ ಇಲ್ಲ.

ಯಾರು ಓದ್ತಾರೆ ಅನ್ನುವುದಕ್ಕೆ ಲೆಕ್ಕ ನನ್ನ ಹತ್ತಿರ ಇಲ್ಲ. ಬಲ್ಬು ಎಷ್ಟು ಜನ ಮುಟ್ಟಿದರು ಅಂತ ಆ್ಯಪ್ ಹೇಳುವುದಿಲ್ಲ. ಆದರೆ ರಾಷ್ಟ್ರಭಾಷೆ ಪ್ರಶ್ನೆ ಹಾಕಿದ ರಾತ್ರಿ ಗುಂಪಿನಲ್ಲಿ ಜಗಳ ಗ್ಯಾರಂಟಿ. ಹೋದ ಸಲ ಒಬ್ಬರು 343ನೇ ವಿಧಿಯ ಪುಟದ ಫೋಟೋ ತೆಗೆದು ಹಾಕಿ, ಅಂಕಿಗಳ ವಿಷಯವೂ ಅದೇ ವಿಧಿಯಲ್ಲಿದೆ, ಅದನ್ನು ಯಾಕೆ ಬಿಟ್ಟಿರಿ ಅಂತ ಜೋರು ಮಾಡಿದರು. ಜಾಗ ಇರಲಿಲ್ಲ ಅಂದೆ. ಅದಕ್ಕೆ ಇನ್ನೊಂದು ಪ್ರಶ್ನೆ ಮಾಡಿ ಅಂದರು. ಮಾಡಿಟ್ಟಿದ್ದೇನೆ, ಈ ವಾರ ಬರುತ್ತದೆ.