ಆಟಗಾರರು ಕಾಲೇಜು ಬದಲಿಸುತ್ತಾ ಹೋದರೆ ದುಡ್ಡಿದ್ದವರೇ ಗೆಲ್ಲುವುದಿಲ್ಲವೇ?

ಅಮೆರಿಕದ ಕಾಲೇಜು ಫುಟ್‌ಬಾಲ್ (ನಮ್ಮ ಕಾಲ್ಚೆಂಡಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ) ಬಗ್ಗೆ ನಾನು ಬಾಯಿ ತೆರೆದರೆ ಸಾಕು, ಈ ಪ್ರಶ್ನೆ ಬಂದೇ ಬರುತ್ತದೆ: ‘ಈಗ ಹುಡುಗರು ವರ್ಷಕ್ಕೊಂದು ಕಾಲೇಜಿಗೆ ಹೋಗುತ್ತಾರಂತಲ್ಲ, ಹಣವಿರುವ ನಾಲ್ಕು ವಿಶ್ವವಿದ್ಯಾಲಯಗಳೇ ಒಳ್ಳೆಯವರನ್ನೆಲ್ಲ ಬಾಚಿಕೊಂಡುಬಿಡುವುದಿಲ್ಲವೇ?’ ಕೇಳುವವರ ದನಿಯಲ್ಲಿ ಹಿಂದೆ ಎಲ್ಲ ಸಮನಾಗಿತ್ತು ಎಂಬ ನಂಬಿಕೆ ಇರುತ್ತದೆ. ನನ್ನ ತಕರಾರು ಇರುವುದು ಆ ನಂಬಿಕೆಯ ಮೇಲೆ.

ಹಳೆಯ ನಿಯಮ ಹೀಗಿತ್ತು. ಪದವಿ ಮುಗಿಸದೆ ಕಾಲೇಜು ಬದಲಿಸಿದ ಆಟಗಾರ ಸಾಮಾನ್ಯವಾಗಿ ಒಂದು ವರ್ಷ ಪಂದ್ಯ ಆಡುವಂತಿರಲಿಲ್ಲ. ಅಭ್ಯಾಸ ಮಾಡಬಹುದು, ಅಷ್ಟೇ. ಯಾವ ಕಾಲೇಜಿನವರ ಜೊತೆ ಮಾತನಾಡಬಹುದು ಎಂಬುದಕ್ಕೂ ಹಳೆಯ ಕೋಚ್‌ನ ಒಪ್ಪಿಗೆ ಬೇಕಿತ್ತು. ಆ ಕೋಚ್ ಮಾತ್ರ ಕೋಟಿಗಟ್ಟಲೆ ಸಂಬಳಕ್ಕೆ ಯಾವಾಗ ಬೇಕಾದರೂ ಬೇರೆಡೆಗೆ ಹೋಗಬಹುದಿತ್ತು. ಇದನ್ನೆಲ್ಲ ಓದಿನ ಹಿತಕ್ಕಾಗಿ, ತಂಡಗಳ ನಡುವಿನ ಸಮತೋಲನಕ್ಕಾಗಿ ಎಂದು ಸಮರ್ಥಿಸಲಾಗುತ್ತಿತ್ತು. ನಮ್ಮ ಕರುಣ್ ನಾಯರ್ ವಿದರ್ಭಕ್ಕೆ ಹೋಗಿ 2024-25ರ ರಣಜಿ ಟ್ರೋಫಿ ಗೆದ್ದು, ಮರುವರ್ಷ ಕರ್ನಾಟಕಕ್ಕೆ ಮರಳಿದಾಗ ಅವರನ್ನು ಒಂದು ವರ್ಷ ಹೊರಗೆ ಕೂರಿಸಿ ಎಂದು ಯಾರೂ ಹೇಳಲಿಲ್ಲ.

ಹಾಗಾದರೆ ಆ ಕಟ್ಟುಪಾಡಿನಿಂದ ಸಮತೋಲನ ಸಿಕ್ಕಿತೇ? ರಾಷ್ಟ್ರೀಯ ಪಟ್ಟ ಯಾರಿಗೆಂದು ತೀರ್ಮಾನಿಸುವ ನಾಲ್ಕು ತಂಡಗಳ ಪ್ಲೇಆಫ್ ಶುರುವಾದದ್ದು 2014ರಲ್ಲಿ. ಅಲ್ಲಿಂದ 2020ರವರೆಗಿನ ಏಳು ಋತುಗಳಲ್ಲಿ ಒಟ್ಟು 28 ಸ್ಥಾನಗಳು. ಅವುಗಳಲ್ಲಿ ಅಲಬಾಮಾಗೆ 6, ಕ್ಲೆಮ್ಸನ್‌ಗೆ 6, ಒಹಾಯೊ ಸ್ಟೇಟ್ ಮತ್ತು ಓಕ್ಲಹೋಮಾಗೆ ತಲಾ 4. ನೂರಕ್ಕೂ ಹೆಚ್ಚು ತಂಡಗಳಿರುವ ಪಂದ್ಯಾವಳಿಯಲ್ಲಿ 28ರ ಪೈಕಿ 20 ನಾಲ್ವರ ಪಾಲು! ಬಾಚಿಕೊಳ್ಳುವ ಕೆಲಸ ಅಲ್ಲಿಗೇ ಮುಗಿದಿತ್ತು.

ಕಾರಣ ಸರಳ. ಪ್ರತಿಭೆ ಹಂಚಿಹೋಗುವುದು ಹುಡುಗ ಹೈಸ್ಕೂಲು ಮುಗಿಸಿ ಕಾಲೇಜು ಆರಿಸಿಕೊಳ್ಳುವಾಗ. ಆ ಹೊತ್ತಿಗೆ ಎಲ್ಲರ ಕಣ್ಣೂ ದೊಡ್ಡ ಹೆಸರುಗಳ ಮೇಲೆಯೇ. ಅಲಬಾಮಾದ ಬೆಂಚಿನಲ್ಲಿ ಕುಳಿತಿದ್ದ ಎಷ್ಟೋ ಹುಡುಗರು ಬೇರೆ ಕಡೆ ಮೊದಲ ಹನ್ನೊಂದರಲ್ಲೇ ಆಡಬಲ್ಲವರಾಗಿದ್ದರು. ಅವರನ್ನು ಅಲ್ಲೇ ಕಟ್ಟಿಹಾಕುವ ನಿಯಮದಿಂದ ಲಾಭ ಯಾರಿಗೆ? ಬೆಂಚು ತುಂಬಿದವರಿಗೆ. ಇದು ಹೊಸ ಜ್ಞಾನವೇನೂ ಅಲ್ಲ. 1956ರಲ್ಲೇ ಅರ್ಥಶಾಸ್ತ್ರಜ್ಞ ಸೈಮನ್ ರಾಟನ್‌ಬರ್ಗ್ ಬೇಸ್‌ಬಾಲ್ ಆಟಗಾರರ ಬಗ್ಗೆ ಬರೆಯುತ್ತಾ, ಆಟಗಾರನನ್ನು ಕಟ್ಟಿಹಾಕಿದರೂ ಬಿಟ್ಟರೂ ಪ್ರತಿಭೆ ಸೇರುವ ಜಾಗ ಹೆಚ್ಚು ಬದಲಾಗುವುದಿಲ್ಲ, ಬದಲಾಗುವುದು ಹಣ ಯಾರ ಜೇಬಿಗೆ ಹೋಗುತ್ತದೆ ಎಂಬುದು ಎಂದು ವಾದಿಸಿದ್ದರು. ಕಾಲೇಜು ಫುಟ್‌ಬಾಲಿನಲ್ಲಿ ಸಮತೋಲನಕ್ಕೆ ನಿಜವಾಗಿ ನೆರವಾದದ್ದು ಒಂದು ತಂಡ ಎಷ್ಟು ಆಟಗಾರರಿಗೆ ವಿದ್ಯಾರ್ಥಿವೇತನ ಕೊಡಬಹುದು ಎಂಬ ಮಿತಿ ಎಂಬುದು ನನ್ನ ಎಣಿಕೆ: 1973ರಲ್ಲಿ 105, 1978ರಲ್ಲಿ 95, 1990ರ ದಶಕದಲ್ಲಿ 85. ದೊಡ್ಡವರು ಎಷ್ಟು ಜನರನ್ನು ಕೂಡಿಟ್ಟುಕೊಳ್ಳಬಹುದು ಎಂಬುದಕ್ಕೆ ಬಿದ್ದ ಕಡಿವಾಣ ಅದು.

ಮುಂದಿನ ಕಥೆ ವೇಗವಾಗಿ ನಡೆಯಿತು. 2018ರ ಅಕ್ಟೋಬರಿನಲ್ಲಿ ವರ್ಗಾವಣೆ ಪೋರ್ಟಲ್, ಅಂದರೆ ಕಾಲೇಜು ಬದಲಿಸಬಯಸುವ ಆಟಗಾರರ ಆನ್‌ಲೈನ್ ಪಟ್ಟಿ, ಬಂತು; ಹೆಸರು ಹಾಕಲು ಕೋಚ್‌ನ ಅನುಮತಿ ಬೇಡವಾಯಿತು. 2021ರಲ್ಲಿ ಮೊದಲ ವರ್ಗಾವಣೆಗೆ ವರ್ಷ ಕಾಯುವ ಶಿಕ್ಷೆ ಹೋಯಿತು. ಅದೇ ಜುಲೈಯಿಂದ ಆಟಗಾರರು ತಮ್ಮ ಹೆಸರು, ಚಿತ್ರಗಳಿಂದ ಹಣ ಗಳಿಸಬಹುದಾಯಿತು. 2023ರ ಡಿಸೆಂಬರಿನಲ್ಲಿ ವೆಸ್ಟ್ ವರ್ಜೀನಿಯಾದ ಫೆಡರಲ್ ನ್ಯಾಯಾಲಯ ಎರಡನೆಯ ವರ್ಗಾವಣೆಯ ಅಡ್ಡಿಗೂ ತಡೆ ಹಾಕಿತು. 2024ರಿಂದ, ಓದಿನಲ್ಲಿ ಹಿಂದೆ ಬೀಳದಿದ್ದರೆ ಎಷ್ಟು ಸಲ ಬೇಕಾದರೂ ಹೋಗಬಹುದು.

ಫಲಿತಾಂಶಕ್ಕೆ ಇಂಡಿಯಾನಾ ವಿಶ್ವವಿದ್ಯಾಲಯವನ್ನೇ ನೋಡಿ. ಈ ಆಟದ ಇತಿಹಾಸದಲ್ಲಿ ಅತಿ ಹೆಚ್ಚು ಸೋತ ತಂಡಗಳಲ್ಲಿ ಒಂದು. 2023ರಲ್ಲಿ 12 ಪಂದ್ಯ ಆಡಿ ಗೆದ್ದದ್ದು 3. ಆಗ ಜೇಮ್ಸ್ ಮ್ಯಾಡಿಸನ್ ವಿಶ್ವವಿದ್ಯಾಲಯದಿಂದ ಕರ್ಟ್ ಸಿಗ್ನೆಟ್ಟಿ ಕೋಚ್ ಆಗಿ ಬಂದರು, ಅವರ ಬೆನ್ನಿಗೇ ಅಲ್ಲಿನ 13 ಆಟಗಾರರು ಬಂದರು. ಒಂದು ವರ್ಷದ ನಂತರ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ ಕ್ವಾರ್ಟರ್‌ಬ್ಯಾಕ್ (ತಂಡದ ದಾಳಿಯನ್ನು ನಡೆಸುವ ಆಟಗಾರ) ಫರ್ನಾಂಡೊ ಮೆಂಡೋಜಾ ಬಂದ. 2025ರ ಋತುವಿನಲ್ಲಿ ಆತನಿಗೆ ವರ್ಷದ ಅತ್ಯುತ್ತಮ ಆಟಗಾರನಿಗೆ ಕೊಡುವ ಹೈಸ್ಮನ್ ಟ್ರೋಫಿ. ತಂಡಕ್ಕೆ 16ಕ್ಕೆ 16 ಗೆಲುವು, ಅಲಬಾಮಾ ಮೇಲೆ 38-3, ಫೈನಲ್‌ನಲ್ಲಿ ಮಯಾಮಿ ಮೇಲೆ 27-21, ಮೊದಲ ರಾಷ್ಟ್ರೀಯ ಪಟ್ಟ. ಹೈಸ್ಕೂಲು ಹುಡುಗರನ್ನು ಆರಿಸಿ ಬೆಳೆಸುವ ಹಳೆಯ ದಾರಿಯಲ್ಲಿ ಇದಕ್ಕೆ ಎರಡು ದಶಕ ಬೇಕಾಗುತ್ತಿತ್ತು, ಅದೂ ಸಿಕ್ಕಿದರೆ.

ಇಲ್ಲಿಗೆ ನಿಲ್ಲಿಸಿದರೆ ನಾನು ಪೋರ್ಟಲ್‌ನ ವಕೀಲನಾಗುತ್ತೇನೆ. ಇಂಡಿಯಾನಾ ಬಡ ಸಂಸ್ಥೆಯಲ್ಲ; ಶತಕೋಟ್ಯಧಿಪತಿ ಮಾರ್ಕ್ ಕ್ಯೂಬನ್ ಅಲ್ಲಿನ ಹಳೆಯ ವಿದ್ಯಾರ್ಥಿ, ಹಣವನ್ನೂ ಕೊಟ್ಟಿದ್ದಾರೆ. ಅದರ ಹಿಂದಿನ ವರ್ಷ ಗೆದ್ದದ್ದು ಒಹಾಯೊ ಸ್ಟೇಟ್. ಅದೂ ಕ್ಯಾನ್ಸಸ್ ಸ್ಟೇಟ್, ಅಲಬಾಮಾ, ಓಲ್ ಮಿಸ್ (ಮಿಸಿಸಿಪ್ಪಿ ವಿಶ್ವವಿದ್ಯಾಲಯ) ತಂಡಗಳಿಂದ ಬಂದ ಆಟಗಾರರ ಬಲದಿಂದ. ಎಣ್ಣೆ ದುಡ್ಡಿನ ಟೆಕ್ಸಸ್ ಟೆಕ್ 2025ರಲ್ಲಿ ಬಿಗ್ 12 ಲೀಗ್ ಗೆದ್ದಿತು, ಆದರೆ ಪ್ಲೇಆಫ್‌ನಲ್ಲಿ ಓರೆಗಾನ್ ಎದುರು ಒಂದು ಅಂಕವನ್ನೂ ಗಳಿಸಲಿಲ್ಲ. ಹಣ ಬೇಕು, ಆದರೆ ಹಣವೊಂದೇ ಸಾಲದು. ಮೊದಲು ನಾಲ್ಕೈದು ತಂಡಗಳಿದ್ದ ಗುಂಪು ಈಗ ಹದಿನೈದೋ ಇಪ್ಪತ್ತೋ ಆಗಿದೆ ಎನ್ನಬಹುದು. ಉಳಿದ ನೂರಕ್ಕೆ ಬಾಗಿಲು ಇನ್ನೂ ಕಿರಿದೇ.

ನಿಜವಾದ ನಷ್ಟ ಅಲ್ಲಿಯದು. ಯಾರ ಕಣ್ಣಿಗೂ ಬೀಳದ ಹುಡುಗನನ್ನು ಹುಡುಕಿ, ಎರಡು ವರ್ಷ ತಿದ್ದಿ ತೀಡಿ, ಆತ ಮಿಂಚಿದ ಕೂಡಲೇ ದೊಡ್ಡವರಿಗೆ ಬಿಟ್ಟುಕೊಡುವುದು ಸಣ್ಣ ತಂಡಗಳ ಪಾಡಾಗಿದೆ. 2025ರಲ್ಲಿ ಓಲ್ ಮಿಸ್ ತಂಡವನ್ನು ಸೆಮಿಫೈನಲ್‌ಗೆ ಒಯ್ದ ಟ್ರಿನಿಡಾಡ್ ಚಾಂಬ್ಲಿಸ್ ಅದರ ಹಿಂದಿನ ವರ್ಷ ಆಡಿದ್ದು ಎರಡನೇ ದರ್ಜೆಯ ಫೆರಿಸ್ ಸ್ಟೇಟ್‌ನಲ್ಲಿ. ಹುಡುಗನಿಗೆ ಒಳ್ಳೆಯದಾಯಿತು, ನನಗೂ ಸಂತೋಷವೇ. ಆದರೆ ಬೆಳೆಸಿದವರಿಗೆ ಪರಿಹಾರವೆಂಬುದಿಲ್ಲ. ಯುರೋಪಿನ ಫುಟ್‌ಬಾಲಿನಲ್ಲಿ ಕರಾರಿನಲ್ಲಿರುವ ಆಟಗಾರ ಹೊರಟರೆ ಹಳೆಯ ಕ್ಲಬ್ಬಿಗೆ ಶುಲ್ಕ ಬರುತ್ತದೆ, ಚಿಕ್ಕಂದಿನಲ್ಲಿ ತರಬೇತಿ ಕೊಟ್ಟ ಕ್ಲಬ್ಬಿಗೂ ಪಾಲು ಸಿಗುತ್ತದೆ. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ, ಆಟಗಾರರ ಮೊಕದ್ದಮೆಯೊಂದರ ರಾಜಿಯಾದ ‘ಹೌಸ್’ ಒಪ್ಪಂದದ ಪ್ರಕಾರ ಕಾಲೇಜುಗಳು ಮೊದಲ ವರ್ಷ ತಲಾ ಸುಮಾರು 2.05 ಕೋಟಿ ಡಾಲರ್‌ವರೆಗೆ ಆಟಗಾರರಿಗೆ ನೇರವಾಗಿ ಹಂಚಬಹುದು. ಸಂಬಳ ಕೊಡುವುದಾದರೆ ಎರಡು ವರ್ಷದ ಕರಾರು ಮಾಡಿ, ನಡುವೆ ಬಿಟ್ಟುಹೋದರೆ ಕರೆದುಕೊಂಡವರು ಹಣ ಕಟ್ಟಲಿ ಎನ್ನುವುದು ನನ್ನ ಪಕ್ಷ. ಕಾಲೇಜುಗಳು ಮಾತ್ರ ಆಟಗಾರರನ್ನು ನೌಕರರೆಂದು ಒಪ್ಪದೆಯೇ ನೌಕರರಂತೆ ಕಟ್ಟಿಹಾಕುವ ದಾರಿ ಹುಡುಕುತ್ತಿವೆ.

ಅಂದಹಾಗೆ, ಕೋಚ್ ಜೊತೆಗೆ 13 ಆಟಗಾರರನ್ನು ಕಳೆದುಕೊಂಡ ಜೇಮ್ಸ್ ಮ್ಯಾಡಿಸನ್ ಏನಾಯಿತು ಎಂದೂ ಕೆಲವರು ಕೇಳುತ್ತಾರೆ. ಅದು ಬಾಬ್ ಚೆಸ್ನಿ ಎಂಬ ಹೊಸ ಕೋಚ್‌ನನ್ನು ತಂದು, ತಾನೂ ಪೋರ್ಟಲ್‌ನಿಂದ ಆಟಗಾರರನ್ನು ತುಂಬಿಕೊಂಡು, 2025ರಲ್ಲಿ ಸನ್ ಬೆಲ್ಟ್ ಲೀಗ್ ಗೆದ್ದು ಅಷ್ಟರಲ್ಲಿ 12 ತಂಡಗಳಿಗೆ ಹಿಗ್ಗಿದ್ದ ಪ್ಲೇಆಫ್‌ಗೆ ಬಂತು. ಓರೆಗಾನ್ ಎದುರು 51-34ರಲ್ಲಿ ಸೋತಿತು. ಆ ಪಂದ್ಯಕ್ಕೆ ಮೊದಲೇ ಚೆಸ್ನಿ ಲಾಸ್ ಏಂಜಲೀಸ್‌ನ ದೊಡ್ಡ ವಿಶ್ವವಿದ್ಯಾಲಯವಾದ ಯುಸಿಎಲ್‌ಎ ತಂಡದ ಕೆಲಸ ಒಪ್ಪಿಕೊಂಡಾಗಿತ್ತು.