ಎಂಟರೊಳಗೆ ಐದು: ಪರ್ಫ್ಯೂಮ್‌ನ ‘ಪಾಲಿರಿದಮ್’

ಹಿರೋಷಿಮಾ ಮೂಲದ ಮೂವರು ಹುಡುಗಿಯರ ತಂಡ ಪರ್ಫ್ಯೂಮ್ 2007ರ ಸೆಪ್ಟೆಂಬರ್‌ನಲ್ಲಿ ತಂದ ಈ ಹಾಡು ಮೇಲ್ನೋಟಕ್ಕೆ ಸಾದಾ ಡಾನ್ಸ್ ಪಾಪ್. ಸಾಹಿತ್ಯ, ಸಂಗೀತ, ಪ್ರೊಡಕ್ಷನ್ ಎಲ್ಲ ನಕಾಟಾ ಯಸುತಾಕಾ ಅವರದೇ. ದನಿಗಳನ್ನು ಸಂಸ್ಕರಿಸಿ ಸಿಂಥ್‌ಗೆ (ಎಲೆಕ್ಟ್ರಾನಿಕ್ ವಾದ್ಯಕ್ಕೆ) ಎಷ್ಟು ಹತ್ತಿರ ತಂದಿದ್ದಾರೆಂದರೆ, ಯಾರು ಹಾಡುತ್ತಿದ್ದಾರೆಂದು ಗುರುತಿಸುವುದೇ ಕಷ್ಟ. ರಾಗ ಸರಳ, ಬೇಗ ಬಾಯಿಗೆ ಬರುತ್ತದೆ.

ಪಾಲಿರಿದಮ್ ಎಂದರೆ ಬೇರೆ ಬೇರೆ ಲಯಗಳು ಒಟ್ಟಿಗೆ ನಡೆಯುವುದು. ಆ ಮಜಾ ಇರುವುದು ನಡುವಿನ ಲೂಪ್‌ನಲ್ಲಿ, ಅಂದರೆ ಮತ್ತೆ ಮತ್ತೆ ಮರಳುವ ಭಾಗದಲ್ಲಿ. ಡ್ರಮ್ಸ್ ನಾಲ್ಕು ಬೀಟ್‌ಗಳ ಲೆಕ್ಕ ಬಿಡುವುದಿಲ್ಲ. ಅದರ ಮೇಲೆ ದನಿಯ ತುಣುಕುಗಳು ಐದೈದು, ಆರಾರು ಅರ್ಧ ಬೀಟ್‌ಗಳಿಗೊಮ್ಮೆ ಮರಳುತ್ತವೆ. ಒಂದು ಬಾರ್‌ಗೆ (ನಾಲ್ಕು ಬೀಟ್‌ಗಳ ಆವರ್ತಕ್ಕೆ) ಎಂಟು ಅರ್ಧ ಬೀಟ್. ಹಾಗಾಗಿ ಆರರ ತುಣುಕು ಮೂರು ಬಾರ್‌ಗೆ ಸಮಕ್ಕೆ ಬಂದರೆ, ಐದರದಕ್ಕೆ ಐದು ಬಾರ್ ಬೇಕು. ಕೊನ್ನಕೋಲ್ (ತಾಳದ ಸೊಲ್ಲುಗಳನ್ನು ಬಾಯಲ್ಲಿ ಹೇಳುವ ಕಲೆ) ಗೊತ್ತಿದ್ದವರು ಕಾಲಲ್ಲಿ ಕಿಕ್ (ದೊಡ್ಡ ಡ್ರಮ್ಮಿನ ಪೆಟ್ಟು) ಹಿಡಿದು, ಬಾಯಲ್ಲಿ ಐದರ ‘ತಕತಕಿಟ’ ಹೇಳಿ ನೋಡಿ. ದನಿಯ ಬೆನ್ನುಹತ್ತಿದರೆ ಲೆಕ್ಕ ತಪ್ಪುವುದು ಖಂಡಿತ, ಏಕೆಂದರೆ ಅದರ ಒತ್ತು ಪ್ರತಿ ಸುತ್ತಿಗೂ ಜಾಗ ಬದಲಿಸುತ್ತದೆ. ಫೋನ್ ಸ್ಪೀಕರಿನಲ್ಲಂತೂ ಕಿಕ್ ಕೇಳಿಸುವುದೇ ಕಡಿಮೆ, ಹೆಡ್‌ಫೋನ್ ಹಾಕಿಕೊಳ್ಳಿ. ಐಡಲ್ (ಜಪಾನಿನ ಯುವ ಪಾಪ್ ತಾರೆಯರ) ಹಾಡಿನಲ್ಲಿ ಇಂಥ ಲೆಕ್ಕಾಚಾರ ಇಟ್ಟದ್ದು ಧೈರ್ಯವೇ ಸರಿ.